ಚೆಂಡಿಗೆ ಎದೆ ಕೊಡುವವನು

ಹಾರ್ಲನ್ ಫೆರ್ರಿ, ಟೆನ್ನೆಸ್ಸಿ
ಜುಲೈ 27, 1987

ಪ್ರೀತಿಯ ನೆಸ್ತೋರ್,

ನೀನೂ ಇದಾಲಿಯಾಳೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯಲಿಲ್ಲ, ಕ್ಷಮಿಸು. ಕೆಲಸ ಜಾಸ್ತಿಯಿತ್ತು ಎಂದು ಬೇಕಾದರೆ ಸುಳ್ಳು ಹೇಳಬಹುದು. ಊರೂರು ತಿರುಗಿ ಬೇಸ್‌ಬಾಲ್ ಹುಡುಗರನ್ನು ಅಳೆದು ತೂಗುವವನಿಗೆ ಬೇಸಿಗೆಯಲ್ಲಿ ಕೆಲಸಕ್ಕೇನು ಬರವೇ? ನಿಜವೇನೆಂದರೆ, ನಿನ್ನ ಕಾಗದದ ಕೊನೆಯ ಮಾತು ನನ್ನ ಕೈ ಕಟ್ಟಿಹಾಕಿತು. "ಕೊಕ್ಕರೆ, ನನ್ನ ಮಗನ್ನ ಒಂದ್ಸಲ ನೋಡೋ. ನನ್ನ ಮಗ ಅಂತ ನೋಡ್ಬೇಡ, ಯಾರ ಮಗಾನೂ ಅಲ್ಲ ಅಂತ ನೋಡು" ಎಂದು ಬರೆದಿದ್ದೆ. ಅದು ಹೇಗೆ ಸಾಧ್ಯ ಮಾರಾಯ? ಎಫ್ರಾಯಿನ್ ತೊಟ್ಟಿಲಲ್ಲಿದ್ದಾಗ ನನ್ನ ಇದ್ದೊಂದು ಒಳ್ಳೆಯ ಶರ್ಟಿನ ಮೇಲೆ ವಾಂತಿ ಮಾಡಿಕೊಂಡವನು. ಇವತ್ತಿಗೂ ನನ್ನನ್ನು 'ತೀಯೋ' ಎಂದೇ ಕರೆಯುತ್ತಾನೆ. ಸ್ವಂತ ಮಕ್ಕಳಿಲ್ಲದ ನನಗೆ ಚಿಕ್ಕಪ್ಪ ಅನ್ನಿಸಿಕೊಳ್ಳುವ ಭಾಗ್ಯ ಸಿಕ್ಕಿದ್ದು ಅವನೊಬ್ಬನಿಂದಲೇ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಎದುರಿನವನ ಮಾತು ಮುಗಿಯಲು ಬಿಟ್ಟದ್ದುಂಟೇ? ಕಾಗದವಾದರೆ ನೀನು ಎಷ್ಟೇ ಕೂಗಾಡಿದರೂ ತನ್ನ ಪಾಡಿಗೆ ತಾನು ಮುಂದುವರಿಯುತ್ತದೆ.

ಸುದ್ದಿಗೆ ಬರುತ್ತೇನೆ. ನಮ್ಮ ಕ್ಲಬ್ಬಿನ ಶಾರ್ಟ್‌ಸ್ಟಾಪ್ ಕಾಲು ಮುರಿದುಕೊಂಡು ಮಲಗಿದ್ದಾನೆ. ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವಿನ ಜಾಗ ಖಾಲಿ ಇಟ್ಟುಕೊಂಡು ಯಾರೂ ಆಟ ಗೆದ್ದಿಲ್ಲ, ಅದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ನಿನ್ನ ಮಗನ ಕ್ಲಬ್ಬಿನವರು ಎಡಗೈಯಲ್ಲಿ ಚೆಂಡು ಎಸೆಯುವ ನಮ್ಮ ಪಿಚ್ಚರ್ ಒಬ್ಬನ ಮೇಲೆ ಕಣ್ಣಿಟ್ಟಿದ್ದಾರೆ. ಅವನನ್ನು ಕೊಟ್ಟರೆ ಇಲ್ಲಿ ಹಾರ್ಲನ್ ಫೆರ್ರಿಯಲ್ಲಿರುವ ತಮ್ಮ ಕೆಳಹಂತದ ತಂಡದ ಇಬ್ಬರು ಶಾರ್ಟ್‌ಸ್ಟಾಪ್‌ಗಳಲ್ಲಿ ಒಬ್ಬನನ್ನು ಕೊಡುತ್ತಾರಂತೆ. ಯಾರು ಬೇಕೋ ನೀವೇ ಆರಿಸಿಕೊಳ್ಳಿ ಎಂದಿದ್ದಾರೆ. ಒಬ್ಬ ಡೋಯ್ಲ್ ಸ್ಟರ್ಜಿಸ್. ಇನ್ನೊಬ್ಬ ನಿನ್ನ ಎಫ್ರಾಯಿನ್. ಆರಿಸಲು ನಮ್ಮ ಜನರಲ್ ಮ್ಯಾನೇಜರ್ ಕ್ವಿಗ್ಲಿ ಕಳಿಸಿರುವುದು ನನ್ನನ್ನು.

ಶುಕ್ರವಾರ ಮಧ್ಯಾಹ್ನದೊಳಗೆ ಒಂದು ಹೆಸರು ಹೇಳಬೇಕು. ನಾನು ಹೆಸರು ಹೇಳಿದವನು ಶನಿವಾರ ದೊಡ್ಡ ಲೀಗಿನ ಮೈದಾನದಲ್ಲಿ ನಿಂತಿರುತ್ತಾನೆ. ಉಳಿದವನ ಗತಿ ನಿನಗೆ ಗೊತ್ತು. ಅವರ ಕ್ಲಬ್ಬಿನಲ್ಲಿ ಮೇಲೆ ಆಡುತ್ತಿರುವ ಶಾರ್ಟ್‌ಸ್ಟಾಪ್‌ಗೆ ಇನ್ನೂ ಮೀಸೆ ಸರಿಯಾಗಿ ಚಿಗುರಿಲ್ಲ, ಅವನು ಜಾಗ ಬಿಟ್ಟುಕೊಡುವ ಹೊತ್ತಿಗೆ ಇವನ ತಲೆ ಬೆಳ್ಳಗಾಗಿರುತ್ತದೆ. ಇಂಥದ್ದನ್ನೆಲ್ಲ ನಾನು ಹೊರಗಿನವರಿಗೆ ಬರೆಯಕೂಡದು. ಆದರೆ ಈ ಕಾಗದ ಪೋರ್ಟೊ ರಿಕೊ ಮುಟ್ಟುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ, ಯಾರಿಗೂ ನಷ್ಟವಿಲ್ಲ.

ಮೊದಲು ಸ್ಟರ್ಜಿಸ್ ವಿಷಯ, ಬೇಗ ಮುಗಿಯುತ್ತದೆ. ಅರ್ಕನ್ಸಾ ಕಡೆಯ ಹುಡುಗ. ಹಿಟ್ಟಿನ ಮೂಟೆಗೆ ಶೂ ತೊಡಿಸಿದಂತಿದ್ದಾನೆ. ಚೆಂಡು ಬಂದರೆ ಅಡ್ಡ ನಿಂತುಬಿಡುತ್ತಾನೆ. ಗ್ಲೋವಿಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಎದೆಗೆ ಬಡಿದು ಕಾಲ ಬುಡದಲ್ಲಿ ಬೀಳುತ್ತದೆ, ಹೆಕ್ಕಿ ಎಸೆಯುತ್ತಾನೆ. ಓಟಗಾರ ಔಟಾಗುವುದೇನೋ ಹೌದು, ನೋಡುವವರ ಕಣ್ಣಿಗೆ ಮಾತ್ರ ತಂಪಿಲ್ಲ. ಬ್ಯಾಟು ಬೀಸುವುದು ಸೌದೆ ಒಡೆದಂತೆ. ನಮ್ಮ ಕಸುಬಿನ ಲೆಕ್ಕದಲ್ಲಿ ದೊಡ್ಡ ಲೀಗಿನ ಸಾಧಾರಣ ಆಟಗಾರನಿಗೆ ಐವತ್ತು ಎಂದಾದರೆ, ಇವನ ಬ್ಯಾಟಿಗೆ ನಲವತ್ತೈದು ಬರೆಯಲು ನನ್ನ ಕೈ ಹಿಂದೆ ಮುಂದೆ ನೋಡಿತು.

ಇನ್ನು ನಿನ್ನ ಮಗ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೇ ಬಂದಿದ್ದೆ ನೆಸ್ತೋರ್, ಆದರೆ ನನ್ನ ಕಸುಬಿನ ಮುದುಕರೆಲ್ಲ ನಿನ್ನ ಹಾಗೇ ಮರುಳಾಗಿದ್ದಾರೆ. ಅವನು ಚೆಂಡಿನ ಪಕ್ಕಕ್ಕೆ ಸರಿದು ಒಂದೇ ಕೈಯಲ್ಲಿ ಅದನ್ನು ಸೆಳೆದುಕೊಂಡು, ಅದೇ ಓಘದಲ್ಲಿ ತಿರುಗಿ ಎಸೆಯುವುದನ್ನು ನೋಡಿದರೆ ಕಾಲಿಗೆ ಗೆಜ್ಜೆ ಕಟ್ಟಿದ್ದಾನೇನೋ ಅನ್ನಿಸುತ್ತದೆ. ಬ್ಯಾಟಿನಲ್ಲೂ ಈ ಲೀಗಿನ ಮೊದಲ ಸಾಲಿನವರಲ್ಲಿ ಒಬ್ಬ. ನನ್ನ ಪಕ್ಕ ಕೂತಿದ್ದ ಬೇರೆ ಕ್ಲಬ್ಬಿನ ಮುದುಕ ಸ್ಟಾಪ್‌ವಾಚು ಒತ್ತುವುದನ್ನೇ ಮರೆತು, "ಪ್ರಾಥರ್, ಇಂಥ ಕೈ ದೇವ್ರು ಕೊಡ್ಬೇಕಪ್ಪ, ಕಲಿಸಿದ್ರೆ ಬರೋದಲ್ಲ" ಎಂದ. ನಾನು ದೊಡ್ಡ ಮನುಷ್ಯನ ಹಾಗೆ ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಒಳಗೆ ಮಾತ್ರ ಉಬ್ಬಿಹೋಗಿದ್ದೆ.

ಕ್ವಿಗ್ಲಿಗೂ ಬೇಕಾಗಿರುವುದು ಅವನೇ. ಇವತ್ತು ಬೆಳಿಗ್ಗೆಯೇ ಫೋನು. "ಏನ್ರೀ ಪ್ರಾಥರ್, ಇನ್ನೂ ನೋಡ್ತಾನೇ ಇದೀರಾ? ಊರೆಲ್ಲ ಒಂದೇ ಹೆಸರು ಹೇಳ್ತಿದೆ. ನಿಮಗೇನು ಕನ್ನಡಕ ಬದಲಾಯಿಸ್ಬೇಕಾ?" ಎಂದ. ನನ್ನ ಮಗನಾಗುವ ವಯಸ್ಸು ಅವನದು. ಶುಕ್ರವಾರ ಅಂದಿದ್ದೀರಿ, ಶುಕ್ರವಾರ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ.

ಯಾಕೆ ತಡಮಾಡಿದೆ ಎಂದು ನೀನೂ ಕೇಳುತ್ತೀಯ. ನಿನ್ನೆ ಕೊನೆಯ ಸರದಿಯಲ್ಲಿ, ಬೇಸುಗಳ ಮೇಲೆ ಜನ ತುಂಬಿದ್ದಾಗ, ಎಫ್ರಾಯಿನ್ ಕಡೆಗೆ ಬಿರುಸಾದ ಚೆಂಡೊಂದು ನೆಲ ಕಚ್ಚಿಕೊಂಡು ಬಂತು. ಅವನು ಎಂದಿನಂತೆ ಪಕ್ಕಕ್ಕೆ ಸರಿದು ಕೈ ಚಾಚಿದ. ಗ್ಲೋವಿನ ತುದಿ ಸವರಿಕೊಂಡು ಚೆಂಡು ಹಿಂದಕ್ಕೆ ಹೋಯಿತು, ಆಟ ಸೋತರು. ಅಷ್ಟು ದೂರದಿಂದ ಕೈ ಚಾಚಿದವನ ತಪ್ಪೆಂದು ಬರೆಯುವುದು ಹೇಗೆ? ಸ್ಕೋರು ಬರೆಯುವವರು ಬ್ಯಾಟು ಬೀಸಿದವನ ಗೆಲುವೆಂದೇ ಬರೆದರು. ಸೋತರೂ ಜನ ಎದ್ದು ನಿಂತು ಎಫ್ರಾಯಿನ್‌ಗೆ ಚಪ್ಪಾಳೆ ತಟ್ಟಿದರು. "ಅಯ್ಯೋ, ಇನ್ನೇನು ಸಿಕ್ಕೇಬಿಡ್ತಿತ್ತು!" ಎಂದು ಹಿಂದಿನ ಸಾಲಿನ ಹೆಂಗಸು ಕೂಗಿದಳು. ಚಪ್ಪಾಳೆ ತಟ್ಟದವನು ಒಬ್ಬನೇ, ಅವರದೇ ಪಿಚ್ಚರ್. ಅವನು ಎಫ್ರಾಯಿನ್ ಕಡೆ ತಿರುಗಲೂ ಇಲ್ಲ, ಮಣ್ಣು ಒದ್ದು ತನ್ನ ಶೂ ನೋಡುತ್ತಾ ನಿಂತ. ತನಗಾಗಿ ಪ್ರಾಣ ಪಣಕ್ಕಿಟ್ಟು ಆಡಿದವನನ್ನು ಯಾವ ಪಿಚ್ಚರೂ ಹಾಗೆ ಬಿಟ್ಟು ಹೋಗುವುದಿಲ್ಲ. ಅದೊಂದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ನನಗೆ ಎಫ್ರಾಯಿನ್ ಬೇಕು ನೆಸ್ತೋರ್. ಅವನ ಹೆಸರು ಹೇಳುವಾಗ ನನ್ನ ದನಿ ನಡುಗಬಾರದು, ಅಷ್ಟೇ. ಇದಾಲಿಯಾಳಿಗೆ ನನ್ನ ನೆನಪು ಹೇಳು. ಅವಳನ್ನು ಚರ್ಚಿಗೆ ಕಳಿಸಿ ಮೋಂಬತ್ತಿ ಹಚ್ಚಿಸು, ನೀನು ಹಚ್ಚಿದರೆ ದೇವರು ನಂಬುವುದಿಲ್ಲ.

ನಿನ್ನ ಕೊಕ್ಕರೆ,
ಎಲ್ಡನ್


ಪಡೂಕಾ, ಕೆಂಟಕಿ
ಆಗಸ್ಟ್ 9, 1987

ಪ್ರೀತಿಯ ನೆಸ್ತೋರ್,

ಹೀಗೆ ಕರೆಯಲು ನೀನು ಇನ್ನೂ ಬಿಡುತ್ತೀಯೋ ಇಲ್ಲವೋ, ನಾನು ಕರೆಯುತ್ತೇನೆ. ಸ್ಟರ್ಜಿಸ್ ಹೆಸರು ಪೇಪರಿನಲ್ಲಿ ಬಂದ ದಿನ ನೀನು ಫೋನ್ ಮಾಡಿದೆ, ನಾನು ಮನೆಯಲ್ಲಿರಲಿಲ್ಲ. "ನಿನ್ನ ಗಂಡ ನನ್ನ ಮಗನ ಕತ್ತು ಕುಯ್ದ, ಆ ಕೊಕ್ಕರೆಗೆ ಹೇಳು, ನನ್ನ ಮನೆ ಬಾಗ್ಲು ತುಳೀಬಾರ್ದು ಇನ್ಮೇಲೆ" ಎಂದೆಯಂತೆ. ಇಮೋಜೆನ್ ಒಂದಕ್ಷರ ಬಿಡದೆ ಒಪ್ಪಿಸಿದಳು. ಬೈಗುಳ ನನಗೆ ಸಲ್ಲಬೇಕಾದ್ದು, ಸಂದಿದೆ. ಆದರೆ ಅವಳ ಕಿವಿಗೆ ಹಾಕಬಾರದಿತ್ತು. ಆಮೇಲೆ ಕಾಗದ ಬರೆಯಲು ಕೂತಾಗಲೆಲ್ಲ ಎದ್ದುಹೋದೆ. ಬಾಯೊಳಗೆ ಬಿಸಿತುಪ್ಪ ಇಟ್ಟುಕೊಂಡವನ ಪಾಡಾಗಿದೆ ನನ್ನದು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೊನೆಯವರೆಗೆ ಓದು, ಆಮೇಲೆ ಹರಿದುಹಾಕು.

ಆ ಪಿಚ್ಚರ್ ಶೂ ನೋಡಿಕೊಂಡು ನಿಂತದ್ದು ನನ್ನನ್ನು ಬಿಡಲಿಲ್ಲವಲ್ಲ, ಮಂಗಳವಾರ ನನ್ನ ಹುಲ್ಲಿನ ಹ್ಯಾಟು ಕಾರಿನಲ್ಲೇ ಬಿಟ್ಟು ಎಡಭಾಗದ ಬೇಲಿಯಾಚೆಯ ಅಗ್ಗದ ಬೆಂಚಿನಲ್ಲಿ ಕೂತೆ. ನಾವು ಮುದುಕರೆಲ್ಲ ಬ್ಯಾಟುಗಾರನ ಹಿಂದೆ ಸಾಲಾಗಿ ಕೂರುವುದು ಹುಡುಗರಿಗೆ ಗೊತ್ತು. ಹ್ಯಾಟು ಕಂಡರೆ ಸಾಕು, ಮೈಗೆ ಇನ್ನೊಂದು ಮೆರಗು ಬರುತ್ತದೆ. ಬೇಲಿಯ ಕಡೆಯಿಂದ ನೋಡಿದರೆ ಬೆನ್ನು ಕಾಣುತ್ತದೆ, ಬೆನ್ನಿಗೆ ನಟನೆ ಬರುವುದಿಲ್ಲ. ಎಫ್ರಾಯಿನ್ ಕಡೆಗೆ ಬಂದ ಚೆಂಡುಗಳಲ್ಲಿ ಎಡಕ್ಕೆ ಬಲಕ್ಕೆ ಹೋದವನ್ನು ಬಿಡು, ಅವು ಯಾರಿಗಾದರೂ ಪಕ್ಕಕ್ಕೆ ಹೋಗಿ ಹಿಡಿಯುವಂಥವೇ. ನೇರವಾಗಿ ಹೊಟ್ಟೆಗೆ ಬಂದವಕ್ಕೂ ಅವನು ಮೊದಲು ಪಕ್ಕಕ್ಕೆ ಸರಿದ, ಆಮೇಲೆ ಕೈ ಚಾಚಿದ. ಸರಿಯುವ ಆ ಕ್ಷಣದಲ್ಲಿ ಅವನ ಕುತ್ತಿಗೆ ಆಚೆ ತಿರುಗುತ್ತಿತ್ತು.

ನಾವೆಲ್ಲ ಅದನ್ನೇ ಅಂದವೆಂದು ಕೊಂಡಾಡಿದ್ದೆವು ನೆಸ್ತೋರ್. ಜೀವಮಾನವೆಲ್ಲ ಇದೇ ಕಸುಬು ಮಾಡಿದ ಗಡವ ಮುದುಕರು, ಒಬ್ಬನಿಗೂ ಕಾಣಲಿಲ್ಲ. ಬೆಳ್ಳಗಿರುವುದೆಲ್ಲ ಹಾಲೆಂದು ಕುಡಿದೆವು.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಬ್ಯಾಟು ಹಿಡಿದಾಗ ನೋಡೋಣ ಎಂದುಕೊಂಡೆ. ಬುಧವಾರ ಎದುರಿನ ತಂಡದವರು ಒಬ್ಬ ಒರಟ ಪಿಚ್ಚರನನ್ನು ಇಳಿಸಿದರು, ಪಕ್ಕೆಗೇ ಗುರಿಯಿಟ್ಟು ಎಸೆಯುವವನು. ಸ್ಟರ್ಜಿಸ್‌ನ ಪಕ್ಕೆಗೆ ಒಂದು ಬಿತ್ತು, ಸದ್ದು ನನ್ನ ಬೆಂಚಿಗೂ ಕೇಳಿಸಿತು. ಅವನು ಬ್ಯಾಟು ಬಿಸಾಕಿ, ಬೇಕರಿಯಲ್ಲಿ ಬನ್ನು ಕೊಂಡವನ ಹಾಗೆ ನಗುತ್ತಾ ಪುಕ್ಕಟೆ ಸಿಕ್ಕ ಮೊದಲ ಬೇಸಿಗೆ ನಡೆದ. ನಿನ್ನ ಮಗನಿಗೆ ಒಂದೂ ಬೀಳಲಿಲ್ಲ. ಚೆಂಡು ಪಿಚ್ಚರನ ಕೈ ಬಿಡುವ ಮೊದಲೇ ಅವನ ಮುಂಗಾಲು ಚೆಂಡಿನಿಂದ ದೂರಕ್ಕೆ, ಮೂರನೇ ಬೇಸಿನ ಕಡೆ ಜಾರುತ್ತಿತ್ತು. ಈ ಲೀಗಿನಲ್ಲಿ ಕೈಚಳಕದಿಂದ ಹೇಗೋ ಹೊಡೆಯುತ್ತಾನೆ. ಮೇಲಿನ ಪಿಚ್ಚರುಗಳು ಒಂದೇ ವಾರದಲ್ಲಿ ಅದನ್ನು ಪತ್ತೆಹಚ್ಚಿ ಅವನನ್ನು ಜೀವಂತ ತಿನ್ನುತ್ತಾರೆ.

ಗುರುವಾರ ಬೆಳಿಗ್ಗೆ ಮೈದಾನ ಖಾಲಿಯಿರುವಾಗ ಅವನನ್ನು ಕರೆಸಿದೆ. ಒಂದು ಬಕೆಟ್ ಚೆಂಡು, ಅಭ್ಯಾಸದ ಉದ್ದ ಬ್ಯಾಟು, ನಾನು, ಅವನು. ನೇರವಾಗಿ ಅವನ ಮೈಗೇ ಹೊಡೆಯತೊಡಗಿದೆ. ಅವನು ಚಂದವಾಗಿ ಸರಿದು, ಚಂದವಾಗಿ ಹಿಡಿದು, ಚಂದವಾಗಿ ಎಸೆದ.

"ಎದುರಿಗೆ ನಿಂತು ಹಿಡಿ" ಎಂದೆ.

"ಇದು ನನ್ನ ಸ್ಟೈಲು ತೀಯೋ."

"ನನಗೋಸ್ಕರ ಒಂದ್ಸಲ ಸ್ಟೈಲ್ ಬಿಡು. ಕಾಲು ನೆಲಕ್ಕೆ ನೆಡು. ತಪ್ಪಿದ್ರೆ ಎದೆಗೆ ಬೀಳ್ಲಿ, ಸಾಯಲ್ಲ."

ಅವನು ಕಾಲು ನೆಟ್ಟ. ನಾನು ಮೆಲ್ಲಗೇ ಹೊಡೆದೆ, ನಿನ್ನ ಅಜ್ಜಿಯೂ ಹಿಡಿಯುವಂಥದ್ದು. ಚೆಂಡು ಹತ್ತಿರ ಬಂದಾಗ ಕಣ್ಣು ಮುಚ್ಚಿದ. ಅದು ಅವನ ಕಾಲಿಗೆ ತಾಗಿ ನಿಂತಿತು. ಅವನು ಅದನ್ನು ಎತ್ತಲಿಲ್ಲ.

ನಾನು ಬ್ಯಾಟು ಕೆಳಗಿಟ್ಟು ಹತ್ತಿರ ಹೋದೆ. "ಹೆದರಿಕೆ ಅಲ್ವಾ ಮಗಾ?" ಎಂದೆ. ನಮ್ಮ ಕಸುಬಿನಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ನಿನಗೆ ಗೊತ್ತು. ಕುಡುಕ ಅನ್ನಬಹುದು, ಕಳ್ಳ ಅನ್ನಬಹುದು, ಇದನ್ನು ಮಾತ್ರ ಅನ್ನಬಾರದು. ಅವನು ಗ್ಲೋವು ಕಳಚಿ, "ಬರ್ದುಬಿಡ್ತೀರಾ ತೀಯೋ?" ಎಂದು ಕೇಳಿದ.

"ಬರೆಯಲ್ಲ. ಆದ್ರೆ ನಿನ್ನ ಹೆಸ್ರು ಹೇಳಕ್ಕೂ ಆಗಲ್ಲ. ಅಲ್ಲಿ ಚೆಂಡು ಇನ್ನೂ ಜೋರು ಬರುತ್ತೆ ಕಣೋ. ಸರಿಯೋಕೆ ಹೊತ್ತೇ ಇರಲ್ಲ. ಮುಖಕ್ಕೆ ಬಿದ್ರೆ ನಿನ್ನ ಅಮ್ಮಂಗೆ ನಾನೇನು ಹೇಳ್ಲಿ?"

"ಸರಿ" ಎಂದ. ಚೆಂಡುಗಳನ್ನೆಲ್ಲ ಹೆಕ್ಕಿ ಬಕೆಟ್ಟಿಗೆ ತುಂಬಿ, ನನ್ನ ಕೈಗೆ ಕೊಟ್ಟು, ಥ್ಯಾಂಕ್ಸ್ ಹೇಳಿ ಹೋದ. ಅವನು ನನಗೆ ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ಕ್ವಿಗ್ಲಿಗೆ ಸ್ಟರ್ಜಿಸ್ ಎಂದೆ. ಫೋನಿನಲ್ಲೇ ಸಿಡಿದ. "ಆ ಹಿಟ್ಟಿನ ಮೂಟೇನಾ? ನಿಮಗೆ ತಲೆ ಕೆಟ್ಟಿದ್ಯಾ? ಕಾರಣ ಹೇಳ್ರೀ!" ಕಾರಣ ಹೇಳಿದರೆ ಎಫ್ರಾಯಿನ್ ಬಾಳಿಗೇ ಮಸಿ ಬಳಿದಂತೆ. ಸಂಜೆಯೊಳಗೆ ಎಲ್ಲ ಕ್ಲಬ್ಬುಗಳಿಗೂ ಸುದ್ದಿ ಮುಟ್ಟಿರುತ್ತದೆ. "ಚೆಂಡು ಇವನನ್ನ ದಾಟಿ ಹೋಗಲ್ಲ, ಅದೇ ಕಾರಣ" ಎಂದೆ. "ಇವನು ಕೈ ಕೊಟ್ರೆ ಮುಂದಿನ ವರ್ಷ ನೀವು ಮನೇಲೇ ಕೂತು ಆಟ ನೋಡ್ಬೇಕಾಗುತ್ತೆ" ಎಂದ. ಆಗಲಿ ಎಂದೆ. ಫೋನ್ ಇಟ್ಟಮೇಲೆ ಅಲ್ಲೇ ಮೋಟೆಲಿನ ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟೆ. ನಿನ್ನ ಮುಖವೇ ಕಣ್ಣಮುಂದೆ ಬರುತ್ತಿತ್ತು.

ಸ್ಟರ್ಜಿಸ್ ಅಲ್ಲಿ ಇನ್ನೂ ಒಂದು ಹೊಡೆತವನ್ನೂ ನೆಟ್ಟಗೆ ಹೊಡೆದಿಲ್ಲ. ಪೇಪರಿನವರು ನನ್ನನ್ನು ಗೇಲಿ ಮಾಡುತ್ತಿದ್ದಾರೆ. ನಿನಗೆ ಸಮಾಧಾನವಾಗುವುದಾದರೆ ಆಗಲಿ ಎಂದು ಇದನ್ನೂ ಬರೆದಿದ್ದೇನೆ.

ನೀನು ಯಾರ ಮಗನೂ ಅಲ್ಲವೆಂದು ನೋಡು ಎಂದಿದ್ದೆ. ಹಾಗೆ ನೋಡಿದ್ದರೆ ಬಹುಶಃ ಅವನನ್ನೇ ಆರಿಸುತ್ತಿದ್ದೆ, ಏನಾದರೂ ಆಗಲಿ ಎಂದು. ನಿನ್ನ ಮಗನಾದ್ದರಿಂದಲೇ ಆಗಲಿಲ್ಲ. ದೇವರು ನಿನಗೂ ಇದಾಲಿಯಾಳಿಗೂ ನೆಮ್ಮದಿ ಕೊಡಲಿ. ನನ್ನ ಮೇಲಿನ ಸಿಟ್ಟು ಇರುವಷ್ಟು ದಿನ ಇರಲಿ, ನನ್ನ ಬಾಗಿಲು ಮಾತ್ರ ನಿನಗೆ ಯಾವಾಗಲೂ ತೆರೆದಿದೆ.

ನಿನ್ನವನೇ,
ಎಲ್ಡನ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಮೋಜೆನ್ ಕಾಗದ ಇಸಿದುಕೊಂಡು ಓದಿದಳು. "ಆಟದ ಕಥೆಯೆಲ್ಲ ಬರ್ದಿದೀರಿ, ಹುಡುಗ ನಮ್ಮ ಅಡುಗೆಮನೇಲಿ ಕೂತಿದಾನೆ ಅಂತ್ಲೇ ಬರ್ದಿಲ್ವಲ್ರೀ" ಎಂದಳು. ಹೌದು, ಎಫ್ರಾಯಿನ್ ಇಲ್ಲಿದ್ದಾನೆ. ತಂಡ ಬಿಟ್ಟು ಬಸ್ಸು ಹತ್ತಿ ಬಂದಿದ್ದಾನೆ. ಅಪ್ಪನಿಗೆ ಹೇಳಬೇಡಿ ಎಂದು ಗೋಗರೆದ, ನಾನು ಮಾತು ಕೊಡಲಿಲ್ಲ.

ಈ ಹೆದರಿಕೆ ಯಾವಾಗಿನಿಂದ ಎಂದು ಕೇಳಿದೆ. "ಹೆದರಿಕೆ ಇಲ್ದೇ ಇದ್ದಿದ್ದು ಯಾವಾಗ ಅಂತ ಕೇಳಿ ತೀಯೋ" ಎಂದ. ಏಳು ವರ್ಷದವನಿದ್ದಾಗ ನೀನು ಹೊಡೆದ ಚೆಂಡು ಬಾಯಿಗೆ ಬಿದ್ದು ಹಲ್ಲು ಮುರಿಯಿತಂತೆ. ಇದಾಲಿಯಾ ಒಳಗೆ ಕಳಿಸಿ ಎಂದು ಅಳುತ್ತಿದ್ದರೂ ನೀನು, ರಕ್ತ ಒರೆಸಿಕೋ, ಎದುರಿಗೆ ನಿಲ್ಲು ಎಂದು ಕತ್ತಲಾಗುವವರೆಗೆ ಹೊಡೆದೆಯಂತೆ. "ಪಕ್ಕಕ್ಕೆ ಸರಿದು ಚಂದ ಮಾಡಿ ಹಿಡಿದಾಗ ಅಪ್ಪ ಚಪ್ಪಾಳೆ ತಟ್ಟಿದ್ರು. ಅವತ್ತಿಂದ ಹಾಗೇ ಹಿಡೀತಾ ಬಂದೆ. ಹೆದರ್ತೀನಿ ಅಂತ ಗೊತ್ತಾಗಬಾರ್ದಿತ್ತಲ್ಲ" ಎಂದ. ಅವನು ಚೆಂಡಿಗಿಂತ ಹೆಚ್ಚು ನಿನಗೆ ಹೆದರುತ್ತಾನೆ ನೆಸ್ತೋರ್.

ಬಾ. ಕೂಗಾಡುವುದಿದ್ದರೆ ಹೊರಗೆ ನನ್ನ ಮೇಲೆ ಕೂಗಾಡಿ ಮುಗಿಸು, ಆಮೇಲೆ ಒಳಗೆ ಬಂದು ಅವನ ಪಕ್ಕ ಕೂತು ಊಟ ಮಾಡು. ನಿನ್ನನ್ನು ಕರೆಸುತ್ತೇನೆ ಎಂದು ಅವನಿಗೆ ಹೇಳಿದೆ. ಬೇಡ ಅನ್ನಲಿಲ್ಲ. "ಗ್ಲೋವ್ ತರ್ತಾರಾ?" ಎಂದು ಮಾತ್ರ ಕೇಳಿದ. ತರುವುದಿಲ್ಲ ಎಂದು ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ.